ಬೆರಳು ಬೆಳ್ಳಗಾಗುವುದರಿಂದ ಶುರುವಾಗುವ ಕಾಯಿಲೆ: ಸಿಸ್ಟಮಿಕ್ ಸ್ಕ್ಲೀರೋಸಿಸ್ ಮತ್ತು ಅದರ ಆಂಟಿಬಾಡಿಗಳು

ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಒಂದು ಲ್ಯಾಬ್ ರಿಪೋರ್ಟ್ ಹಿಡಿದುಕೊಂಡು ಬಂದರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗಿರುವ ಊರು ನಮ್ಮದು. "ಮಾಷ್ಟ್ರೇ, ಇದು ಎಂತ ಅಂತ ಸ್ವಲ್ಪ ನೋಡಿ. ಮಗ ಮೊಬೈಲಿನಲ್ಲಿ ಹುಡುಕಿದವನು ಆಮೇಲೆ ಮಾತೇ ಆಡ್ತಾ ಇಲ್ಲ" ಅಂದರು.

ರಿಪೋರ್ಟಿನಲ್ಲಿ ಇದ್ದದ್ದು ಮೂರೇ ಸಾಲು. ಎಎನ್‌ಎ ಪಾಸಿಟಿವ್. ಟೈಟರ್ 1:640. ಎಸ್‌ಸಿಎಲ್-70 ಪಾಸಿಟಿವ್.

ನಾನು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವನು, ಡಾಕ್ಟರ್ ಅಲ್ಲ. ಆದರೆ ಆ ಮನೆಯವರ ಮುಖ ನೋಡಿ ಸುಮ್ಮನಿರಲು ಆಗಲಿಲ್ಲ. ಓದಿದೆ. ಅಕ್ಕನ ಜೊತೆ ಮಂಗಳೂರಿಗೆ ಹೋಗಿ ರುಮಟಾಲಜಿಸ್ಟ್ (ಗಂಟುನೋವು ಮತ್ತು ಇಂಥ ಕಾಯಿಲೆಗಳ ತಜ್ಞರು) ಹತ್ತಿರ ಕೂತು ಕೇಳಿಸಿಕೊಂಡೆ. ರಿಪೋರ್ಟ್ ಇಂಗ್ಲಿಷಿನಲ್ಲಿ, ನರ್ಸ್ ಹೇಳುವುದು ಮಲಯಾಳದಲ್ಲಿ, ಮನೆಯ ಮಾತು ಇನ್ನೊಂದು. ನಮ್ಮ ಗಡಿನಾಡಿನಲ್ಲಿ ಕಾಯಿಲೆಯ ಹೆಸರು ಅರ್ಥವಾಗುವ ಹೊತ್ತಿಗೇ ಅರ್ಧ ಧೈರ್ಯ ಹೋಗಿರುತ್ತದೆ. ಅದಕ್ಕೇ ಇದನ್ನು ಕನ್ನಡದಲ್ಲಿ, ಬುಡದಿಂದ ಬರೆಯುತ್ತಿದ್ದೇನೆ.

ಹೆಸರಿನಿಂದ ಶುರು ಮಾಡೋಣ

ಗ್ರೀಕ್ ಭಾಷೆಯಲ್ಲಿ ಸ್ಕ್ಲೀರೋ ಅಂದರೆ ಗಟ್ಟಿ, ಡರ್ಮಾ ಅಂದರೆ ಚರ್ಮ. ಎರಡೂ ಸೇರಿ ಸ್ಕ್ಲೀರೋಡರ್ಮಾ. 1753ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಕಾರ್ಲೋ ಕುರ್ಜಿಯೋ ಎಂಬ ವೈದ್ಯರು, ಮೈಯ ಚರ್ಮವೆಲ್ಲ ಗಟ್ಟಿಯಾಗಿದ್ದ 17 ವರ್ಷದ ಹುಡುಗಿಯ ಬಗ್ಗೆ ಬರೆದಿಟ್ಟರು. ಈ ಕಾಯಿಲೆಯ ಮೊದಲ ವಿವರವಾದ ದಾಖಲೆ ಅಂತ ಸಾಮಾನ್ಯವಾಗಿ ಅದನ್ನೇ ಹೇಳುತ್ತಾರೆ.

ಸ್ಕ್ಲೀರೋಡರ್ಮಾದಲ್ಲಿ ಎರಡು ಬಗೆ. ಒಂದರಲ್ಲಿ ಚರ್ಮದ ಅಲ್ಲೊಂದು ಇಲ್ಲೊಂದು ಜಾಗ ಮಾತ್ರ ಗಟ್ಟಿಯಾಗುತ್ತದೆ. ಅದಕ್ಕೆ ಮಾರ್ಫಿಯಾ ಅನ್ನುತ್ತಾರೆ. ಸಾಮಾನ್ಯವಾಗಿ ಶ್ವಾಸಕೋಶ, ಕಿಡ್ನಿಯ ತಂಟೆಗೆ ಅದು ಹೋಗುವುದಿಲ್ಲ. ಇನ್ನೊಂದು ಚರ್ಮದ ಜೊತೆ ಒಳಗಿನ ಅಂಗಗಳನ್ನೂ ಹಿಡಿಯುತ್ತದೆ. ಅದೇ ಸಿಸ್ಟಮಿಕ್ ಸ್ಕ್ಲೀರೋಸಿಸ್. ನಾವು ಮಾತಾಡುತ್ತಿರುವುದು ಈ ಎರಡನೆಯದರ ಬಗ್ಗೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು ಅಂಟುರೋಗ ಅಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಟ್ಟಿಗೆ ಮಲಗಿದರೆ ಬರುವುದಿಲ್ಲ.

ಒಳಗೆ ನಡೆಯುವುದೇನು?

ಈ ಕಾಯಿಲೆಯಲ್ಲಿ ಮೂರು ಕೆಲಸ ಒಟ್ಟಿಗೆ ಕೆಡುತ್ತವೆ.

ಮೊದಲನೆಯದು ರಕ್ತನಾಳ. ಅದರಲ್ಲೂ ಕೂದಲಿಗಿಂತ ಸಪೂರ ಇರುವ ನಾಳಗಳು. ತೋಟದ ನೀರಿನ ಪೈಪಿನ ಒಳಗೆ ವರ್ಷವರ್ಷ ಪಾಚಿ ಕಟ್ಟಿ ತೂತು ಸಣ್ಣದಾದರೆ ಕೊನೆಯ ಸಾಲಿನ ಅಡಿಕೆ ಗಿಡಕ್ಕೆ ನೀರು ಹೋಗುವುದಿಲ್ಲ ಅಲ್ವಾ, ಹಾಗೆ. ನಾಳದ ಒಳಗೋಡೆ ದಪ್ಪವಾಗುತ್ತದೆ. ಬೆರಳ ತುದಿಗೆ ರಕ್ತ ಸಾಲುವುದಿಲ್ಲ.

ಎರಡನೆಯದು ರೋಗನಿರೋಧಕ ವ್ಯವಸ್ಥೆ. ಹೊರಗಿನಿಂದ ಬಂದ ವೈರಸ್, ಬ್ಯಾಕ್ಟೀರಿಯಾ ಹಿಡಿಯಬೇಕಾದ ಕಾವಲು ಪಡೆ ನಮ್ಮದೇ ಜೀವಕೋಶಗಳ ಮೇಲೆ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಇಂಥ ಕಾಯಿಲೆಗಳಿಗೆಲ್ಲ ಆಟೋಇಮ್ಯೂನ್ ಕಾಯಿಲೆ ಅನ್ನುವುದು ಇದಕ್ಕೇ.

ಮೂರನೆಯದು ಕೊಲಾಜೆನ್ ಎಂಬ ನಾರು. ಕತ್ತಿ ತಾಗಿ ಗಾಯವಾದರೆ ಮೈ ಅದನ್ನು ತುಂಬಲು ಈ ನಾರು ಹೊಸೆಯುತ್ತದೆ. ಗಾಯ ಮಾಗಿದ ಮೇಲೆ ಹೊಸೆಯುವುದು ನಿಲ್ಲಬೇಕು. ಇಲ್ಲಿ ಗಾಯವೇ ಇಲ್ಲದೆ ನಾರು ಶುರುವಾಗುತ್ತದೆ, ಸಮಯಕ್ಕೆ ನಿಲ್ಲುವುದೂ ಇಲ್ಲ. ಅಡಿಕೆ ಹಾಳೆಯನ್ನು ನೆನಪಿಸಿಕೊಳ್ಳಿ. ಹಸಿ ಇದ್ದಾಗ ಹೇಗೆ ಬೇಕಾದರೂ ಬಾಗುತ್ತದೆ. ಒಣಗಿದ ಮೇಲೆ ಸೆಟೆದು ನಿಲ್ಲುತ್ತದೆ, ಬಲವಂತ ಮಾಡಿದರೆ ಬಿರಿಯುತ್ತದೆ. ಚರ್ಮಕ್ಕೆ ಹೀಗಾದರೆ ಕೈ ಮಡಚಲು ಕಷ್ಟ. ಶ್ವಾಸಕೋಶಕ್ಕೆ ಹೀಗಾದರೆ ಉಸಿರು ಕಷ್ಟ.

ಮೊದಲ ಸುಳಿವು: ಬಣ್ಣ ಬದಲಿಸುವ ಬೆರಳು

ಚಳಿಗೆ ಅಥವಾ ತಣ್ಣೀರಿಗೆ ಕೈಹಾಕಿದಾಗ ಬೆರಳು ಬೆಳ್ಳಗಾಗುತ್ತದೆ. ಸ್ವಲ್ಪ ಹೊತ್ತಿಗೆ ನೀಲಿಯಾಗುತ್ತದೆ. ಬೆಚ್ಚಗಾದಾಗ ಕೆಂಪಾಗಿ ಸುಡುತ್ತದೆ. ಇದಕ್ಕೆ ರೇನೋ ಅಂತ ಹೆಸರು. 1862ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಮೋರಿಸ್ ರೇನೋ ಅವರ ಹೆಸರೇ ಉಳಿದಿದೆ. ಸಿಸ್ಟಮಿಕ್ ಸ್ಕ್ಲೀರೋಸಿಸ್ ಇರುವ 100 ಜನರಲ್ಲಿ 95ಕ್ಕೂ ಹೆಚ್ಚು ಮಂದಿಗೆ ಇದು ಇರುತ್ತದೆ. ಹಲವರಿಗೆ ಇದೇ ಮೊದಲ ಲಕ್ಷಣ.

"ನಮ್ಮ ಊರಲ್ಲಿ ಚಳಿ ಎಲ್ಲಿದೆ?" ಅಂತ ಅನ್ನಿಸಬಹುದು. ಹಿಮ ಬೀಳಬೇಕಾಗಿಲ್ಲ. ಆಟಿ ತಿಂಗಳ ಮಳೆಯಲ್ಲಿ ಬೈಕಿನ ಹಿಂದೆ ಕೂತರೆ ಸಾಕು. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆದರೆ, ಫ್ರಿಜ್ಜಿನಿಂದ ಮೀನು ತೆಗೆದರೆ, ಬ್ಯಾಂಕಿನ ಏಸಿಯಲ್ಲಿ ಹತ್ತು ನಿಮಿಷ ಕಾದರೆ ಸಾಕು. ಕೆಲವರಿಗೆ ಮನಸ್ಸಿಗೆ ಗಾಬರಿಯಾದರೂ ಬರುತ್ತದೆ. ಕಪ್ಪು ಮೈಬಣ್ಣದವರಲ್ಲಿ ಬಿಳಿ ಎದ್ದು ಕಾಣದೆ ಬೂದು ಬಣ್ಣದಂತೆ ಕಾಣಬಹುದು. ಉಗುರಿನ ಅಡಿ ಮತ್ತು ಬೆರಳ ತುದಿ ನೋಡಿದರೆ ಗೊತ್ತಾಗುತ್ತದೆ.

ಆದರೆ ಬೆರಳು ಬೆಳ್ಳಗಾದವರಿಗೆಲ್ಲ ಈ ಕಾಯಿಲೆ ಇಲ್ಲ. ಜನಸಾಮಾನ್ಯರಲ್ಲಿ 100ಕ್ಕೆ 3ರಿಂದ 5 ಮಂದಿಗೆ ರೇನೋ ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ಅಷ್ಟೇ, ಮುಂದೆ ಏನೂ ಆಗುವುದಿಲ್ಲ. ಹದಿಹರೆಯದಲ್ಲೇ ಶುರುವಾಗಿದ್ದರೆ, ಬೆರಳಿನಲ್ಲಿ ಹುಣ್ಣು ಇಲ್ಲದಿದ್ದರೆ, ಎಎನ್‌ಎ ನೆಗೆಟಿವ್ ಇದ್ದರೆ, ಉಗುರಿನ ಬುಡದ ನಾಳಗಳು ಸರಿ ಇದ್ದರೆ ಹೆದರುವ ಕಾರಣ ಬಹಳ ಕಡಿಮೆ. 30 ದಾಟಿದ ಮೇಲೆ ಹೊಸದಾಗಿ ಶುರುವಾಗಿದ್ದರೆ, ಜೊತೆಗೆ ಬೆರಳು ಊದಿದ್ದರೆ ತೋರಿಸಲೇಬೇಕು.

ಉಗುರಿನ ಬುಡದ ಪರೀಕ್ಷೆ ತುಂಬಾ ಸರಳ. ಉಗುರು ಶುರುವಾಗುವ ಜಾಗಕ್ಕೆ ಒಂದು ಹನಿ ಎಣ್ಣೆ ಬಿಟ್ಟು ಭೂತಗನ್ನಡಿಯಂಥ ಉಪಕರಣದಲ್ಲಿ ನೋಡುತ್ತಾರೆ. ಸರಿ ಇರುವವರಲ್ಲಿ ಸಣ್ಣ ನಾಳಗಳು ಬಾಚಣಿಗೆಯ ಹಲ್ಲಿನಂತೆ ಸಾಲಾಗಿರುತ್ತವೆ. ಈ ಕಾಯಿಲೆಯಲ್ಲಿ ಕೆಲವು ಊದಿಕೊಂಡಿರುತ್ತವೆ, ಕೆಲವು ಜಾಗದಲ್ಲಿ ನಾಳವೇ ಕಾಣೆಯಾಗಿರುತ್ತದೆ. ಸೂಜಿ ಇಲ್ಲ, ನೋವಿಲ್ಲ.

ಚರ್ಮ, ಬೆರಳು, ಮುಖ

ಅಕ್ಕ ಬೀಡಿ ಕಟ್ಟುವವರು. ಅವರಿಗೆ ಮೊದಲು ಗೊತ್ತಾದದ್ದು ಲೆಕ್ಕದಲ್ಲಿ. ದಿನಕ್ಕೆ ಕಟ್ಟುತ್ತಿದ್ದ ಬೀಡಿಯ ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳಿಯಿತು. ಎಲೆ ಸುರುಳಿ ಮಾಡುವಾಗ ಬೆರಳು ಮಾತು ಕೇಳುತ್ತಿರಲಿಲ್ಲ. ಮದುವೆಯ ಉಂಗುರವನ್ನು ಸೋಪು ಹಚ್ಚಿ ತೆಗೆಯಬೇಕಾಯಿತು. ವಾತ ಅಂತ ಎರಡು ವರ್ಷ ಎಣ್ಣೆ ಹಚ್ಚಿದರು. ಒಂದು ಕಡೆ ನೋವಿನ ಗುಳಿಗೆ ಕೊಟ್ಟು ಕಳಿಸಿದರು. ಕೈಯ ಚರ್ಮವನ್ನು ಚಿವುಟಿ ನೋಡಿದವರು ಯಾರೂ ಇರಲಿಲ್ಲ. ಅದು ಈಗಲೂ ನನಗೆ ಬೇಸರದ ವಿಷಯ.

ಮೊದಲ ಹಂತದಲ್ಲಿ ಬೆರಳು ಬಾತುಕೊಂಡಂತೆ ಕಾಣುತ್ತದೆ. ಆಮೇಲೆ ಚರ್ಮ ಬಿಗಿದು ಹೊಳೆಯುತ್ತದೆ. ಎರಡು ಬೆರಳಿನಲ್ಲಿ ಹಿಡಿದು ಮಡಿಕೆ ಎತ್ತಲು ಆಗುವುದಿಲ್ಲ. ಮುಷ್ಟಿ ಕಟ್ಟಲು, ಅನ್ನ ಕಲಸಿ ತುತ್ತು ಮಾಡಲು ಕಷ್ಟ. ಬೆರಳ ತುದಿಯಲ್ಲಿ ಹುಣ್ಣಾಗಬಹುದು. ಅದು ಮಾಗಿದರೂ ಚಿಕ್ಕ ಗುಳಿ ಬಿಡುತ್ತದೆ. ಕೆಲವರಿಗೆ ಚರ್ಮದ ಅಡಿಯಲ್ಲಿ ಸುಣ್ಣದ ಗಂಟು ಬರುತ್ತದೆ. ಅದು ಒಡೆದರೆ ಸೀಮೆಸುಣ್ಣದ ಪುಡಿಯಂಥದ್ದು ಹೊರಗೆ ಬರುತ್ತದೆ. ಮುಖದಲ್ಲಿ, ಅಂಗೈಯಲ್ಲಿ ಸಣ್ಣ ಕೆಂಪು ಚುಕ್ಕೆಗಳು ಏಳಬಹುದು. ಮೂಗು ಚೂಪಾಗುತ್ತದೆ, ಬಾಯಿ ಸಣ್ಣದಾಗುತ್ತದೆ.

ಡಾಕ್ಟರು ಮೈಯ 17 ಜಾಗದ ಚರ್ಮ ಚಿವುಟಿ ನೋಡಿ, ಪ್ರತಿ ಜಾಗಕ್ಕೆ 0ರಿಂದ 3ರವರೆಗೆ ಅಂಕ ಕೊಡುತ್ತಾರೆ. ಒಟ್ಟು 51. ಇದಕ್ಕೆ ರಾಡ್ನನ್ ಸ್ಕೋರ್ ಅನ್ನುತ್ತಾರೆ. ಮುಂದಿನ ಸಲ ಅಂಕ ಏರಿದೆಯೋ ಇಳಿದಿದೆಯೋ ಅಂತ ನೋಡಲು ಇದೇ ಅಳತೆ.

ನಮ್ಮ ಕಡೆ ಆಗುವ ಎರಡು ಗೊಂದಲ ಇಲ್ಲಿ ಹೇಳಬೇಕು. ಈ ಕಾಯಿಲೆಯಲ್ಲಿ ಎದೆ, ಬೆನ್ನು, ಕತ್ತಿನ ಮೇಲೆ ಉಪ್ಪು ಮೆಣಸಿನ ಪುಡಿ ಚೆಲ್ಲಿದಂತೆ ಬಿಳಿ ಕಪ್ಪು ಚುಕ್ಕೆ ಬರಬಹುದು. ಬೆರಳ ತುದಿ ಸವೆಯಬಹುದು. ನೋಡಿದವರು ತೊನ್ನು ಅನ್ನುತ್ತಾರೆ, ಕೆಲವರು ಪಿಸುಮಾತಿನಲ್ಲಿ ಕುಷ್ಠ ಅನ್ನುತ್ತಾರೆ. ಕುಷ್ಠದಲ್ಲಿ ಮಚ್ಚೆಯ ಜಾಗಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ. ಇಲ್ಲಿ ಸ್ಪರ್ಶ ಇರುತ್ತದೆ, ನೋವಂತೂ ಚೆನ್ನಾಗಿಯೇ ಗೊತ್ತಾಗುತ್ತದೆ. ಕುಷ್ಠಕ್ಕೆ ಕಾರಣ ಬ್ಯಾಕ್ಟೀರಿಯಾ, ಇದಕ್ಕೆ ಅಲ್ಲ. ಅಂದಹಾಗೆ ಕುಷ್ಠವೂ ಔಷಧಿಯಿಂದ ಪೂರ್ತಿ ಗುಣವಾಗುತ್ತದೆ, ಪಿಸುಗುಟ್ಟಬೇಕಾದ ಕಾಯಿಲೆ ಅದೂ ಅಲ್ಲ.

ಎರಡನೆಯ ಗೊಂದಲ ಬಾಯಿಯದ್ದು. ಅಡಿಕೆ ಜಗಿಯುವವರಿಗೂ ಬಾಯಿ ತೆರೆಯಲು ಆಗದಂತೆ ಆಗುವುದಿದೆ. ಅಲ್ಲಿ ಗಟ್ಟಿಯಾಗುವುದು ಕೆನ್ನೆಯ ಒಳಭಾಗ, ಬೆರಳು ಹಾಕಿದರೆ ಹಗ್ಗದಂಥ ಪಟ್ಟಿ ಸಿಗುತ್ತದೆ, ಖಾರ ಉರಿಯುತ್ತದೆ. ಅದು ಮುಂದೆ ಬಾಯಿಯ ಕ್ಯಾನ್ಸರಿಗೆ ದಾರಿಯಾಗಬಹುದು. ಸ್ಕ್ಲೀರೋಡರ್ಮಾದಲ್ಲಿ ಬಿಗಿಯುವುದು ಮುಖ್ಯವಾಗಿ ತುಟಿಯ ಸುತ್ತಲಿನ ಹೊರಚರ್ಮ, ಮತ್ತು ಜೊತೆಗೆ ಬೆರಳೂ ಬಿಗಿದಿರುತ್ತದೆ. ಎರಡರ ಚಿಕಿತ್ಸೆಯೂ ಬೇರೆ.

ಹೊರಗೆ ಕಾಣದ ಅಂಗಗಳು

ಚರ್ಮದ ಮೇಲೆ ಎಷ್ಟು ಹಬ್ಬಿದೆ ಅನ್ನುವುದರ ಮೇಲೆ ಕಾಯಿಲೆಯನ್ನು ಎರಡು ಗುಂಪು ಮಾಡುತ್ತಾರೆ. 1988ರಿಂದ ಈ ವಿಂಗಡಣೆ ಬಳಕೆಯಲ್ಲಿದೆ. ಮೊಣಕೈ, ಮೊಣಕಾಲಿನಿಂದ ಕೆಳಗೆ ಮತ್ತು ಮುಖದಲ್ಲಿ ಮಾತ್ರ ಗಟ್ಟಿಯಾಗಿದ್ದರೆ ಲಿಮಿಟೆಡ್. ತೋಳು, ತೊಡೆ, ಎದೆ, ಹೊಟ್ಟೆಗೂ ಹಬ್ಬಿದ್ದರೆ ಡಿಫ್ಯೂಸ್. ಲಿಮಿಟೆಡ್ ಬಗೆಯಲ್ಲಿ ರೇನೋ ಬಂದು ಎಷ್ಟೋ ವರ್ಷ ಆದ ಮೇಲೆ ಉಳಿದದ್ದು ಬರುತ್ತದೆ. ಡಿಫ್ಯೂಸ್ ಬಗೆಯಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ವರ್ಷದೊಳಗೆ ಬರುತ್ತದೆ. ಅದರಲ್ಲಿ ಮೊದಲ ಕೆಲವು ವರ್ಷ ತುಂಬಾ ಮುಖ್ಯ. ಆಮೇಲೆ ಚರ್ಮ ತಾನಾಗಿಯೇ ಸ್ವಲ್ಪ ಮೆತ್ತಗಾಗುವುದೂ ಉಂಟು.

ಲಿಮಿಟೆಡ್ ಅಂದರೆ "ಸಣ್ಣ ಕಾಯಿಲೆ" ಅಂತ ಅಲ್ಲ. ಅದು ಚರ್ಮದ ಲೆಕ್ಕ ಮಾತ್ರ. ಒಳಗಿನ ಅಂಗಗಳ ಲೆಕ್ಕ ಬೇರೆಯೇ ಇರುತ್ತದೆ.

ಅತಿ ಹೆಚ್ಚು ಮಂದಿಗೆ ತೊಂದರೆ ಕೊಡುವುದು ಅನ್ನನಾಳ. ನಾವು ನುಂಗಿದ ತುತ್ತನ್ನು ಅನ್ನನಾಳದ ಸ್ನಾಯುಗಳು ಒತ್ತಿ ಒತ್ತಿ ಕೆಳಗೆ ಕಳಿಸುತ್ತವೆ. ಕೆಳಗಿನ ಬಾಗಿಲು ಮುಚ್ಚಿಕೊಂಡು ಹುಳಿ ಮೇಲೆ ಬಾರದಂತೆ ತಡೆಯುತ್ತದೆ. ಇಲ್ಲಿ ಒತ್ತುವ ಬಲವೂ ಕುಂದುತ್ತದೆ, ಬಾಗಿಲೂ ಸಡಿಲವಾಗುತ್ತದೆ. ಎದೆಯುರಿ, ಹುಳಿತೇಗು, ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಇವೆಲ್ಲ ಅದರಿಂದ. ಕರುಳಿನ ಚಲನೆ ನಿಧಾನವಾದರೆ ಹೊಟ್ಟೆಯುಬ್ಬರ, ಭೇದಿ, ಮಲಬದ್ಧತೆ.

ಶ್ವಾಸಕೋಶದಲ್ಲಿ ಎರಡು ರೀತಿಯ ತೊಂದರೆ. ಈ ಎರಡನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಇಂದು ಈ ಕಾಯಿಲೆಯಲ್ಲಿ ಜೀವಕ್ಕೆ ಅಪಾಯ ಮುಖ್ಯವಾಗಿ ಬರುವುದು ಇಲ್ಲಿಂದ. ಒಂದು, ಸ್ಪಂಜಿನಂತೆ ಇರಬೇಕಾದ ಶ್ವಾಸಕೋಶದಲ್ಲಿ ನಾರು ತುಂಬುವುದು. ಇದಕ್ಕೆ ಐಎಲ್‌ಡಿ ಅನ್ನುತ್ತಾರೆ. ಒಣಕೆಮ್ಮು, ಗುಡ್ಡೆ ಹತ್ತುವಾಗ ಏದುಸಿರು. ಡಾಕ್ಟರು ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟರೆ ಚಪ್ಪಲಿಯ ವೆಲ್ಕ್ರೋ ಪಟ್ಟಿ ಬಿಡಿಸಿದಂಥ ಸದ್ದು ಕೇಳುತ್ತದೆ. ಶುರುವಿನಲ್ಲಿ ಎಕ್ಸ್‌ರೇ ಏನೂ ತೋರಿಸದೆ ಇರಬಹುದು. ಅದಕ್ಕೇ ಎಚ್‌ಆರ್‌ಸಿಟಿ ಸ್ಕ್ಯಾನ್ (ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್) ಮತ್ತು ಕೊಳವೆಗೆ ಊದುವ ಪರೀಕ್ಷೆ ಬೇಕು. ಎರಡು, ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳ ಸಪೂರವಾಗಿ ಅಲ್ಲಿ ಒತ್ತಡ ಏರುವುದು. ಇದಕ್ಕೆ ಪಿಎಎಚ್ ಅನ್ನುತ್ತಾರೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಯಲ್ಲಿ ಇದು ಕಾಣುವುದಿಲ್ಲ. ಸುಳಿವು ಸಿಗಬೇಕಾದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್ ಪರೀಕ್ಷೆ ಬೇಕು. ಇದು ಹೆಚ್ಚಾಗಿ ಕಾಯಿಲೆ ಬಂದು ವರ್ಷಗಳಾದ ಮೇಲೆ ಬರುತ್ತದೆ, ಸದ್ದಿಲ್ಲದೆ ಬರುತ್ತದೆ.

ಇನ್ನು ಕಿಡ್ನಿ. ಡಿಫ್ಯೂಸ್ ಬಗೆಯ ಮೊದಲ ನಾಲ್ಕೈದು ವರ್ಷದಲ್ಲಿ, ಇದ್ದಕ್ಕಿದ್ದಂತೆ ಬಿಪಿ ಏರಿ ಕಿಡ್ನಿ ಕೆಲಸ ನಿಲ್ಲಿಸುವ ಅಪಾಯ ಇದೆ. ಇದಕ್ಕೆ ರೀನಲ್ ಕ್ರೈಸಿಸ್ ಅನ್ನುತ್ತಾರೆ. ಒಂದು ಕಾಲದಲ್ಲಿ ಈ ಕಾಯಿಲೆಯವರನ್ನು ಹೆಚ್ಚು ಬಲಿ ತೆಗೆದುಕೊಂಡದ್ದು ಇದೇ. 1970ರ ದಶಕದ ಕೊನೆಯಲ್ಲಿ ಕ್ಯಾಪ್ಟೋಪ್ರಿಲ್ ಮತ್ತು ಅದೇ ಜಾತಿಯ ಬಿಪಿ ಔಷಧಿಗಳು ಬಂದ ಮೇಲೆ ಬದುಕಿ ಉಳಿಯುವವರ ಸಂಖ್ಯೆ ತುಂಬಾ ಏರಿತು. ಮನೆಯಲ್ಲೇ ಒಂದು ಬಿಪಿ ಯಂತ್ರ ಇಟ್ಟುಕೊಳ್ಳಿ ಅಂತ ಡಾಕ್ಟರು ಅಕ್ಕನಿಗೆ ಹೇಳಿದ್ದು ಇದಕ್ಕೇ. ಮಾಮೂಲಿ ಬಿಪಿಗಿಂತ ಮೇಲಿನ ಅಂಕ 30 ಅಥವಾ ಕೆಳಗಿನ ಅಂಕ 20 ಏರಿದರೆ, ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ, ನಾಳೆ ಅಂತ ಕಾಯಬಾರದು.

ಇಲ್ಲೇ ಇನ್ನೊಂದು ಎಚ್ಚರಿಕೆ. ಸ್ಟಿರಾಯ್ಡ್ ಗುಳಿಗೆಯ ಡೋಸ್ ಜಾಸ್ತಿಯಾದರೆ ಈ ಕಿಡ್ನಿ ಅಪಾಯ ಹೆಚ್ಚುತ್ತದೆ. ದಿನಕ್ಕೆ 15 ಮಿಲಿಗ್ರಾಮ್‌ಗಿಂತ ಹೆಚ್ಚು ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವವರಲ್ಲಿ ಇದನ್ನು ಕಂಡಿದ್ದಾರೆ. ಗಂಟುನೋವಿಗೆ ಅಂತ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಗುಳಿಗೆ ತರುವ ಅಭ್ಯಾಸ ನಮ್ಮಲ್ಲಿದೆ. ಈ ಕಾಯಿಲೆ ಇರುವವರು ದಯವಿಟ್ಟು ಹಾಗೆ ಮಾಡಬೇಡಿ. ಡಾಕ್ಟರು ಕೊಟ್ಟ ಸ್ಟಿರಾಯ್ಡನ್ನು ಕೇಳದೆ ಥಟ್ಟನೆ ನಿಲ್ಲಿಸಲೂ ಬೇಡಿ.

ಆಟೋಆಂಟಿಬಾಡಿ ಅಂದರೆ?

ಈಗ ಆ ಮೂರು ಸಾಲಿಗೆ ಬರೋಣ. ಆಂಟಿಬಾಡಿ ಅಂದರೆ ಶತ್ರುವನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನ್. ಅದು ನಮ್ಮದೇ ಜೀವಕೋಶಕ್ಕೆ ಅಂಟಿಕೊಳ್ಳುವಂಥದ್ದಾದರೆ ಆಟೋಆಂಟಿಬಾಡಿ. ಜೀವಕೋಶದ ನಡುವಿನ ಕೋಶಕೇಂದ್ರದ ವಸ್ತುಗಳಿಗೆ ಅಂಟಿಕೊಳ್ಳುವ ಆಂಟಿಬಾಡಿಗಳಿಗೆಲ್ಲ ಸೇರಿ ಎಎನ್‌ಎ ಅಂತ ಹೆಸರು.

ಪರೀಕ್ಷೆ ಹೀಗೆ ನಡೆಯುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯ ಜೀವಕೋಶಗಳು ಗಾಜಿನ ಮೇಲೆ ಇರುತ್ತವೆ. ಅವುಗಳ ಮೇಲೆ ರೋಗಿಯ ರಕ್ತದ ಸೀರಮ್ ಹಾಕುತ್ತಾರೆ. ಆಂಟಿಬಾಡಿ ಇದ್ದರೆ ಅಂಟಿಕೊಳ್ಳುತ್ತದೆ. ಆಮೇಲೆ ಹೊಳೆಯುವ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಂಟಿದ ಜಾಗ ಹಸಿರಾಗಿ ಬೆಳಗುತ್ತದೆ. ಮಿಂಚುಹುಳುಗಳ ಹಾಗೆ ಚುಕ್ಕೆ ಚುಕ್ಕೆಯಾಗಿಯೋ, ಇಡೀ ಕೋಶಕೇಂದ್ರವೇ ಬೆಳಗುವಂತೆಯೋ, ಬೇರೆ ಬೇರೆ ಮಾದರಿ ಕಾಣುತ್ತದೆ.

1:640 ಅಂದರೆ ಏನು? ಒಂದು ಲೋಟ ಮಜ್ಜಿಗೆಗೆ ನೀರು ಸೇರಿಸುತ್ತಾ ಹೋಗಿ. ತೆಳು ಮಜ್ಜಿಗೆಯಾದರೆ ಎರಡು ಸಲಕ್ಕೇ ಬಿಳಿ ಹೋಗುತ್ತದೆ. ದಪ್ಪ ಮಜ್ಜಿಗೆಯಾದರೆ ಎಷ್ಟು ನೀರು ಹಾಕಿದರೂ ಬಿಳಿ ಕಾಣುತ್ತಲೇ ಇರುತ್ತದೆ. ಸೀರಮ್ಮನ್ನು 640 ಪಟ್ಟು ತೆಳುಮಾಡಿದರೂ ಹಸಿರು ಬೆಳಕು ಕಂಡಿತು ಅಂತ ಇದರ ಅರ್ಥ. ಆಂಟಿಬಾಡಿ ಜಾಸ್ತಿ ಇದೆ ಅಂತ. ಕಾಯಿಲೆ 640 ಪಟ್ಟು ಜೋರಾಗಿದೆ ಅಂತ ಅಲ್ಲ. ಅಕ್ಕನ ಮಗ ಹೆದರಿದ್ದು ಈ ಸಂಖ್ಯೆಗೆ.

ಎಎನ್‌ಎ ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇದೆ ಅಂತಲೂ ಅಲ್ಲ. 1:160 ಮಟ್ಟದಲ್ಲಿ ಕೂಡ ಆರೋಗ್ಯವಾಗಿರುವ 100 ಜನರಲ್ಲಿ ಸುಮಾರು 5 ಮಂದಿಗೆ ಪಾಸಿಟಿವ್ ಬರುತ್ತದೆ. ತಿರುಗಿಸಿ ನೋಡಿದರೆ, ಸಿಸ್ಟಮಿಕ್ ಸ್ಕ್ಲೀರೋಸಿಸ್ ಇರುವವರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿಗೆ ಎಎನ್‌ಎ ಪಾಸಿಟಿವ್ ಇರುತ್ತದೆ.

2013ರಲ್ಲಿ ಅಮೆರಿಕ ಮತ್ತು ಯುರೋಪಿನ ರುಮಟಾಲಜಿ ಸಂಘಗಳು ಸೇರಿ ಮಾಡಿದ ಅಂಕಪಟ್ಟಿ ನೋಡಿದರೆ ಆಂಟಿಬಾಡಿಯ ತೂಕ ಎಷ್ಟು ಅಂತ ಅರ್ಥವಾಗುತ್ತದೆ. 9 ಅಂಕ ಬಂದರೆ ಈ ಕಾಯಿಲೆ ಅಂತ ವರ್ಗೀಕರಿಸುತ್ತಾರೆ. ಎರಡೂ ಕೈಗಳಲ್ಲಿ ಬೆರಳ ಬುಡದ ಗೆಣ್ಣು ದಾಟಿ ಚರ್ಮ ಗಟ್ಟಿಯಾಗಿದ್ದರೆ ಅದೊಂದಕ್ಕೇ 9 ಸಿಗುತ್ತದೆ. ರೇನೋಗೆ 3. ಉಗುರಿನ ಬುಡದ ನಾಳ ಕೆಟ್ಟಿದ್ದರೆ 2. ಈ ಕಾಯಿಲೆಗೇ ಸೇರಿದ ಆಂಟಿಬಾಡಿ ಇದ್ದರೆ 3, ಅಷ್ಟೇ. ಅಂದರೆ ರಿಪೋರ್ಟಿಗಿಂತ ಮೈ ಹೇಳುವ ಮಾತೇ ದೊಡ್ಡದು.

ಹಾಗಾದರೆ ಆಂಟಿಬಾಡಿಯ ಪರೀಕ್ಷೆ ಯಾಕೆ? ಯಾವ ಅಂಗದ ಮೇಲೆ ಹೆಚ್ಚು ಕಣ್ಣಿಡಬೇಕು ಅಂತ ಅದು ಮೊದಲೇ ಹೇಳುತ್ತದೆ.

ಯಾವ ಹೆಸರು ಬಂದರೆ ಯಾವ ಕಡೆ ನೋಡಬೇಕು

ಅಕ್ಕನಿಗೆ ಬಂದದ್ದು ಎಸ್‌ಸಿಎಲ್-70. ಎಸ್‌ಸಿಎಲ್ ಅಂದರೆ ಸ್ಕ್ಲೀರೋಡರ್ಮಾದ ಮೊದಲ ಅಕ್ಷರಗಳು. 1979ರಲ್ಲಿ ಇದನ್ನು ಕಂಡಾಗ ಆಂಟಿಬಾಡಿ ಹಿಡಿದಿದ್ದ ಪ್ರೋಟೀನಿನ ತೂಕ 70 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ಇತ್ತು, ಅದೇ ಹೆಸರಾಯಿತು. ಅದು ಟೋಪೋಐಸೋಮರೇಸ್ ಎಂಬ ದೊಡ್ಡ ಕಿಣ್ವದ ತುಂಡು ಅಂತ ಆಮೇಲೆ ಗೊತ್ತಾಯಿತು. ಬಾವಿಯ ಹಗ್ಗ ಮುರಿ ಬಿದ್ದು ಗಂಟಾಗುತ್ತದಲ್ಲ, ಡಿಎನ್‌ಎ ಎಳೆಗಳಿಗೂ ಹಾಗೇ ಮುರಿ ಬೀಳುತ್ತದೆ. ಎಳೆಯನ್ನು ಕತ್ತರಿಸಿ, ಮುರಿ ಬಿಡಿಸಿ, ಮತ್ತೆ ಜೋಡಿಸುವುದು ಈ ಕಿಣ್ವದ ಕೆಲಸ. ಇದರ ವಿರುದ್ಧ ಆಂಟಿಬಾಡಿ ಇರುವವರಲ್ಲಿ ಡಿಫ್ಯೂಸ್ ಬಗೆ ಹೆಚ್ಚು, ಬೆರಳ ಹುಣ್ಣು ಹೆಚ್ಚು, ಎಲ್ಲಕ್ಕಿಂತ ಮುಖ್ಯವಾಗಿ ಶ್ವಾಸಕೋಶದಲ್ಲಿ ನಾರು ತುಂಬುವ ಸಾಧ್ಯತೆ ಹೆಚ್ಚು. ಭಾರತದ ರೋಗಿಗಳಲ್ಲಿ ಇದೇ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಕೆಮ್ಮು ಶುರುವಾಗುವ ಮೊದಲೇ ಒಂದು ಎಚ್‌ಆರ್‌ಸಿಟಿ, ಒಂದು ಊದುವ ಪರೀಕ್ಷೆ. ಚರ್ಮ ಸ್ವಲ್ಪವೇ ಗಟ್ಟಿಯಾಗಿದ್ದರೂ ಇದನ್ನು ಬಿಡಬಾರದು.

ಎರಡನೆಯದು ಆಂಟಿಸೆಂಟ್ರೊಮಿಯರ್. ಇದನ್ನು 1980ರಲ್ಲಿ ವಿವರಿಸಿದರು. ಕ್ರೋಮೋಸೋಮಿನ ನಡು ಸಪೂರವಾಗಿರುವ ಜಾಗವೇ ಸೆಂಟ್ರೊಮಿಯರ್. ಜೀವಕೋಶ ಎರಡಾಗುವಾಗ ಹಗ್ಗ ಕಟ್ಟಿ ಎಳೆಯುವುದು ಅಲ್ಲಿಗೆ. ಈ ಆಂಟಿಬಾಡಿ ಇರುವವರಿಗೆ ಹೆಚ್ಚಾಗಿ ಲಿಮಿಟೆಡ್ ಬಗೆ. ಕಾಯಿಲೆ ನಿಧಾನ. ಸುಣ್ಣದ ಗಂಟು, ಕೆಂಪು ಚುಕ್ಕೆ ಜಾಸ್ತಿ. ಶ್ವಾಸಕೋಶದ ನಾರು ಕಡಿಮೆ. ಆದರೆ ಹತ್ತಾರು ವರ್ಷಗಳಾದ ಮೇಲೂ ಪಿಎಎಚ್ ಬರಬಹುದು. ಅದಕ್ಕೇ ಆರಾಮವಾಗಿದ್ದೇನೆ ಅನ್ನಿಸಿದರೂ ವರ್ಷಕ್ಕೊಮ್ಮೆ ಎಕೋ.

ಮೂರನೆಯದು ಆರ್‌ಎನ್‌ಎ ಪಾಲಿಮರೇಸ್-3. ಡಿಎನ್‌ಎಯಲ್ಲಿ ಇರುವುದನ್ನು ನಕಲು ಮಾಡಿ ಕೊಡುವ ಗುಮಾಸ್ತರಲ್ಲಿ ಒಬ್ಬರು ಅಂತ ಇಟ್ಟುಕೊಳ್ಳಿ. ಇದರ ವಿರುದ್ಧ ಆಂಟಿಬಾಡಿ ಇದ್ದರೆ ಚರ್ಮ ಬೇಗ ಬೇಗ ಬಿಗಿಯುತ್ತದೆ, ಕಿಡ್ನಿಯ ಅಪಾಯ ಹೆಚ್ಚು. ಬಿಪಿ ಯಂತ್ರ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಇವರಿಗೆ. ಈ ಗುಂಪಿನಲ್ಲಿ ಕೆಲವರಿಗೆ ಸ್ಕ್ಲೀರೋಡರ್ಮಾ ಮತ್ತು ಕ್ಯಾನ್ಸರ್ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಯಾಕೆ ಅನ್ನುವುದಕ್ಕೆ 2014ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರಿಗೆ ಒಂದು ಸುಳಿವು ಸಿಕ್ಕಿತು. ಇಂಥ 8 ರೋಗಿಗಳ ಕ್ಯಾನ್ಸರ್ ಗಡ್ಡೆ ಪರೀಕ್ಷಿಸಿದಾಗ 6 ಗಡ್ಡೆಗಳಲ್ಲಿ ಇದೇ ಪಾಲಿಮರೇಸಿನ ಜೀನ್ ಬದಲಾಗಿತ್ತು. ಅಂದರೆ ಮೈಯ ಕಾವಲು ಪಡೆ ಮೊದಲು ಹೊರಟದ್ದು ಕ್ಯಾನ್ಸರನ್ನು ಹೊಡೆಯಲು ಇರಬಹುದು. ಆ ಹೋರಾಟ ದಾರಿ ತಪ್ಪಿ ಸ್ವಂತ ಮೈಗೇ ತಾಗಿರಬಹುದು. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಹೊತ್ತು ಯೋಚನೆಗೆ ಹಚ್ಚಿದ್ದು ಇದು.

ಇವಲ್ಲದೆ ಪಿಎಂ-ಎಸ್‌ಸಿಎಲ್, ಯು1 ಆರ್‌ಎನ್‌ಪಿ, ಯು3 ಆರ್‌ಎನ್‌ಪಿ, ಟಿಎಚ್/ಟಿಒ ಅಂತ ಕೆಲವು ಇವೆ. ಮೊದಲಿನ ಎರಡು ಬಂದರೆ ಸ್ನಾಯುಗಳ ಉರಿಯೂತ ಅಥವಾ ಬೇರೆ ಆಟೋಇಮ್ಯೂನ್ ಕಾಯಿಲೆ ಜೊತೆಗಿದೆಯೇ ಅಂತ ನೋಡುತ್ತಾರೆ.

ಸಾಮಾನ್ಯವಾಗಿ ಒಬ್ಬರಿಗೆ ಇವುಗಳಲ್ಲಿ ಒಂದೇ ಇರುತ್ತದೆ. ಕಾಲ ಕಳೆದಂತೆ ಅದು ಬದಲಾಗುವುದು ಅಪರೂಪ. ಹಾಗಾಗಿ ತಿಂಗಳು ತಿಂಗಳು ಎಎನ್‌ಎ ಮಾಡಿಸಿ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಕಾಯಿಲೆಯ ಏರಿಳಿತ ನೋಡುವುದು ಚರ್ಮ, ಶ್ವಾಸಕೋಶ, ಬಿಪಿಯಲ್ಲಿ. ಇನ್ನು, ಪಟ್ಟಿಯಂಥ ಬ್ಲಾಟ್ ಪರೀಕ್ಷೆಯಲ್ಲಿ ಎಸ್‌ಸಿಎಲ್-70 "ವೀಕ್ ಪಾಸಿಟಿವ್" ಅಂತ ಮಾತ್ರ ಬಂದು, ಮೈಯಲ್ಲಿ ಯಾವ ಲಕ್ಷಣವೂ ಇಲ್ಲದಿದ್ದರೆ ಅದು ಸುಳ್ಳು ಪಾಸಿಟಿವ್ ಆಗಿರಬಹುದು. ಇನ್ನೊಂದು ವಿಧಾನದಲ್ಲಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ಯಾರಿಗೆ, ಯಾಕೆ?

ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಹೆಚ್ಚು. ಹೆಚ್ಚಾಗಿ 30ರಿಂದ 55 ವರ್ಷದೊಳಗೆ ಶುರು. ಇದೇ ಒಂದು ಕಾರಣ ಅಂತ ಬೊಟ್ಟು ಮಾಡಲು ಆಗುವುದಿಲ್ಲ. ಹುಟ್ಟಿನಿಂದ ಬಂದ ಒಲವು ಸ್ವಲ್ಪ, ಹೊರಗಿನ ಪ್ರಚೋದನೆ ಸ್ವಲ್ಪ. ಆದರೆ ತಾಯಿಗೆ ಇದ್ದರೆ ಮಗಳಿಗೆ ಬಂದೇ ಬರುತ್ತದೆ ಅನ್ನುವಂಥದ್ದಲ್ಲ, ಹಾಗೆ ಬರುವುದು ಕಡಿಮೆ.

ಹೊರಗಿನ ಕಾರಣಗಳಲ್ಲಿ ಚೆನ್ನಾಗಿ ಗೊತ್ತಿರುವುದು ಸಿಲಿಕಾ ದೂಳು. 1914ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಬೈರಮ್ ಬ್ರಾಮ್ವೆಲ್ ತಮ್ಮ ರೋಗಿಗಳಲ್ಲಿ ಕಲ್ಲುಕುಟಿಗರು ಹೆಚ್ಚಿರುವುದನ್ನು ಗಮನಿಸಿದರು. 1957ರಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕೆಲಸಗಾರರಲ್ಲೂ ಇದೇ ಕಂಡಿತು. ನಮ್ಮ ಜಿಲ್ಲೆಯಲ್ಲೂ ಕಪ್ಪುಕಲ್ಲಿನ ಕೋರೆ ಇದೆ, ಕ್ರಷರ್ ಇದೆ. ಅಲ್ಲಿ ಕೆಲಸ ಮಾಡುವವರು ಕಲ್ಲಿಗೆ ನೀರು ಹಾಕಿ ದೂಳು ಅಡಗಿಸುವುದು, ಸರಿಯಾದ ಮಾಸ್ಕ್ ಹಾಕುವುದು ಶ್ವಾಸಕೋಶದ ಬೇರೆ ಕಾಯಿಲೆಗಳಿಗೂ ಒಳ್ಳೆಯದು. ಬೆರಳು ಬೆಳ್ಳಗಾದ ಗಂಡಸು ಡಾಕ್ಟರ ಹತ್ತಿರ ಹೋದರೆ ತಾನು ಕಲ್ಲಿನ ಕೆಲಸದವನು ಅಂತ ತಾನೇ ಹೇಳಬೇಕು.

ಕಾಸರಗೋಡಿನಲ್ಲಿ ಯಾವ ಕಾಯಿಲೆಯ ಮಾತು ಬಂದರೂ ಎಂಡೋಸಲ್ಫಾನ್ ಕೀಟನಾಶಕದ ಪ್ರಶ್ನೆ ಬರುತ್ತದೆ, ಬರಬೇಕಾದದ್ದೇ. ಅದು ಸ್ಕ್ಲೀರೋಡರ್ಮಾಕ್ಕೆ ಕಾರಣ ಅಂತ ಸಾಬೀತಾಗಿಲ್ಲ.

ಏನು ಮಾಡಬಹುದು?

ಬೇರುಸಹಿತ ಕೀಳುವ ಔಷಧಿ ಇನ್ನೂ ಇಲ್ಲ. ಆದರೆ ಅಂಗ ಅಂಗಕ್ಕೂ ಔಷಧಿ ಇದೆ, ಅದರಿಂದ ನಿಜವಾದ ಪ್ರಯೋಜನವೂ ಇದೆ.

ರೇನೋಗೆ ನಿಫೆಡಿಪಿನ್, ಸಿಲ್ಡೆನಾಫಿಲ್‌ನಂಥ ನಾಳ ಹಿಗ್ಗಿಸುವ ಗುಳಿಗೆ. ಕೈ ಮಾತ್ರ ಅಲ್ಲ, ಇಡೀ ಮೈ ಬೆಚ್ಚಗಿರಬೇಕು. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲಿ ಇರಬಾರದು. ಬೀಡಿ, ಸಿಗರೇಟ್ ಬಿಡಲೇಬೇಕು, ಅದು ನಾಳವನ್ನು ಇನ್ನೂ ಬಿಗಿಯುತ್ತದೆ. ಮೈಗ್ರೇನಿಗೋ ಬಿಪಿಗೋ ಪ್ರೊಪ್ರಾನೊಲಾಲ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಅದರಿಂದ ರೇನೋ ಹೆಚ್ಚಾಗಬಹುದು.

ಎದೆಯುರಿಗೆ ಒಮೆಪ್ರಜೋಲ್ ಜಾತಿಯ ಗುಳಿಗೆ. ರಾತ್ರಿ ಊಟ ಬೇಗ, ಸ್ವಲ್ಪ. ಮಂಚದ ತಲೆಕಡೆಯ ಎರಡು ಕಾಲಿನ ಅಡಿಗೆ ಅರ್ಧ ಅಡಿ ಎತ್ತರದ ಕಲ್ಲಿಡಿ. ಅಕ್ಕನ ಮನೆಯಲ್ಲಿ ಕೆಂಪುಕಲ್ಲನ್ನು ಕೆತ್ತಿ ಇಟ್ಟಿದ್ದಾರೆ. ದಿಂಬು ಎತ್ತರಿಸಿದರೆ ಕತ್ತು ಮಾತ್ರ ಬಾಗುತ್ತದೆ, ಹುಳಿ ಬರುವುದು ನಿಲ್ಲುವುದಿಲ್ಲ.

ಶ್ವಾಸಕೋಶಕ್ಕೆ ಮೈಕೋಫಿನೊಲೇಟ್ ಈಗ ಹೆಚ್ಚಾಗಿ ಮೊದಲು ಕೊಡುವ ಔಷಧಿ. ಸೈಕ್ಲೋಫಾಸ್ಫಮೈಡ್, ರಿಟುಕ್ಸಿಮ್ಯಾಬ್ ಕೂಡ ಇವೆ. ನಾರು ಬೆಳೆಯುವುದನ್ನು ನಿಧಾನ ಮಾಡುವ ನಿಂಟೆಡಾನಿಬ್‌ಗೆ ಅಮೆರಿಕದಲ್ಲಿ 2019ರಲ್ಲಿ ಈ ಕಾಯಿಲೆಯ ಐಎಲ್‌ಡಿಗೆ ಒಪ್ಪಿಗೆ ಸಿಕ್ಕಿತು. ಹಾಳಾದ ಭಾಗವನ್ನು ಇವು ಮೊದಲಿನಂತೆ ಮಾಡುವುದಿಲ್ಲ, ಉಳಿದದ್ದನ್ನು ಉಳಿಸುತ್ತವೆ. ಬೇಗ ಪರೀಕ್ಷೆ ಮಾಡಿಸಿ ಅಂತ ನಾನು ಒತ್ತಿ ಒತ್ತಿ ಹೇಳುವುದು ಇದಕ್ಕೆ. ಮಗು ಬೇಕು ಅಂತ ಇರುವ ಹೆಂಗಸರು ಮೊದಲೇ ಡಾಕ್ಟರಿಗೆ ಹೇಳಬೇಕು. ಮೈಕೋಫಿನೊಲೇಟ್, ಪಿಎಎಚ್‌ಗೆ ಕೊಡುವ ಬೋಸೆಂಟಾನ್, ಎರಡೂ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಬೆರಳು ಮಡಚಿ ಬಿಡಿಸುವ, ಬಾಯಿ ಅಗಲಿಸುವ ವ್ಯಾಯಾಮ ದಿನಾ ಬೇಕು. ಬಾಯಿ ಸಣ್ಣದಾಗುವ ಮೊದಲೇ ಹಲ್ಲಿನ ಡಾಕ್ಟರನ್ನು ನೋಡಿ ಬನ್ನಿ.

ಮೊದಲ ಸಲ ಡಾಕ್ಟರ ಹತ್ತಿರ ಹೋಗುವವರಿಗೆ ಒಂದು ಉಪಾಯ. ಬೆರಳು ಬೆಳ್ಳಗಾದ ಕ್ಷಣದಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಆಸ್ಪತ್ರೆ ತಲುಪುವ ಹೊತ್ತಿಗೆ ಬೆರಳು ಸರಿಯಾಗಿಯೇ ಇರುತ್ತದೆ. ಅಕ್ಕನ ಮಗ ಬಾವಿಕಟ್ಟೆಯಲ್ಲಿ ತೆಗೆದ ಫೋಟೋ ನೋಡಿದ ಮೇಲೆ ರುಮಟಾಲಜಿಸ್ಟ್ ಬೇರೆ ವಿವರಣೆ ಕೇಳಲಿಲ್ಲ, ನೇರ ಉಗುರು ನೋಡಿದರು.

ಅಕ್ಕನ ಸ್ಕ್ಯಾನಿನಲ್ಲಿ ಶ್ವಾಸಕೋಶದ ಕೆಳಭಾಗದಲ್ಲಿ ನಾರು ಶುರುವಾಗಿರುವುದು ಕಂಡಿತು. ಅವರಿಗೆ ಆಗ ಕೆಮ್ಮು ಇರಲಿಲ್ಲ. ಔಷಧಿ ಶುರುವಾಯಿತು. ಜ್ವರ ಬಂದರೆ ಊರಿನ ಡಾಕ್ಟರು, ದೊಡ್ಡ ಪರೀಕ್ಷೆಗೆ ತಲಪಾಡಿ ದಾಟಿ ಮಂಗಳೂರು, ಹೀಗೆ ಇಬ್ಬರ ನಡುವೆ ಮಾಹಿತಿ ತಪ್ಪಿಹೋಗಬಾರದಲ್ಲ. ಅದಕ್ಕೆ ಅವರ ಫೈಲಿನ ಮೊದಲ ಪುಟದಲ್ಲಿ ಮಗ ಒಂದು ಹಾಳೆ ಅಂಟಿಸಿದ್ದಾನೆ. ಕಾಯಿಲೆಯ ಹೆಸರು, ಆಂಟಿಬಾಡಿಯ ಹೆಸರು, ತೆಗೆದುಕೊಳ್ಳುವ ಗುಳಿಗೆ, ಸ್ಟಿರಾಯ್ಡ್ ಬಗ್ಗೆ ಎಚ್ಚರಿಕೆ, ಕೆಳಗೆ ವಾರ ವಾರದ ಬಿಪಿ. ಕನ್ನಡದಲ್ಲೂ ಬರೆದಿದ್ದಾನೆ, ಅಕ್ಕನಿಗೆ ಓದಲಿಕ್ಕೆ. ಮುಂದಿನ ಊದುವ ಪರೀಕ್ಷೆ ಜನವರಿಯಲ್ಲಿ.